ದನದ ಡಾಕ್ಟರ್‌ಗೆ ಎಲ್ಲರೂ ಕೇಳುವ ಪ್ರಶ್ನೆಗಳು

ಸರ್ಕಾರಿ ಪಶುವೈದ್ಯನಾಗಿ 33 ವರ್ಷ ಕೆಲಸ ಮಾಡಿದೆ. 1990ರಲ್ಲಿ ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿ ಆಸ್ಪತ್ರೆಗೆ ಸೇರಿದೆ. ಆಮೇಲೆ ಬೆಂಗಳೂರಿನಲ್ಲಿ ರೋಗ ಪತ್ತೆಯ ಲ್ಯಾಬು, ಅಲ್ಲಿಂದ ಡೆಪ್ಯುಟೇಶನ್ ಮೇಲೆ ಕೇಂದ್ರದ ಕ್ವಾರಂಟೈನ್ ಕೆಲಸ, ಮತ್ತೆ ಇಲಾಖೆ. 2023ರಲ್ಲಿ ನಿವೃತ್ತಿ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೂ ಪಕ್ಕದವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು.

## ಕೆಲಸದ ಬಗ್ಗೆ

"ದನದ ಡಾಕ್ಟರ್ ಅಂದ್ರೆ ಇಂಜೆಕ್ಷನ್ ಹಾಕೋದು, ಕರು ತೆಗೆಯೋದು. ಅದರಲ್ಲಿ ದೇಶದ ರಕ್ಷಣೆ ಎಲ್ಲಿಂದ ಬಂತು ಸಾರ್?"

ಇಂಜೆಕ್ಷನ್ನೂ ಹೌದು, ಕರು ತೆಗೆಯೋದೂ ಹೌದು. ನನ್ನ ಮೊದಲ ಎಂಟು ವರ್ಷ ಬರೀ ಅದೇ. ಆದರೆ ಸರ್ಕಾರಿ ಡಾಕ್ಟರ್ ಒಂದು ಹಸು ನೋಡುತ್ತಲೇ ಪಕ್ಕದ ಕೊಟ್ಟಿಗೆ ಕಡೆಗೂ ಕಣ್ಣು ಹಾಯಿಸಬೇಕು. ಈ ದನ ಯಾವ ಸಂತೆಯಿಂದ ಬಂತು? ಯಾವಾಗ ಬಂತು? ಅದೇ ಗಾಡಿಯಲ್ಲಿ ಬೇರೆ ಯಾರ ದನ ಇತ್ತು? ಈ ಮೂರು ಪ್ರಶ್ನೆ ನನ್ನ ಬಾಯಿಗೆ ಎಷ್ಟು ರೂಢಿಯಾಗಿತ್ತೆಂದರೆ ನೆಂಟರ ಮನೆಗೆ ಹೋದಾಗಲೂ ಕೇಳಿಬಿಡುತ್ತಿದ್ದೆ. ಹೆಂಡತಿ ಕಣ್ಣು ಬಿಡುತ್ತಿದ್ದಳು.

2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಸುಮಾರು 19 ಕೋಟಿ ದನ, ಸುಮಾರು 11 ಕೋಟಿ ಎಮ್ಮೆ ಇವೆ. ಜಾಸ್ತಿ ಪಾಲು ಎರಡು, ಮೂರು, ನಾಲ್ಕು ತಲೆಯ ಕೊಟ್ಟಿಗೆಗಳಲ್ಲಿ. ಎಲ್ಲವೂ ಒಂದೇ ಕೆರೆಯ ನೀರು ಕುಡಿಯುತ್ತವೆ, ಒಂದೇ ಸಂತೆಗೆ ಹೋಗುತ್ತವೆ. ಹಾಗಾಗಿ ಒಂದು ಹಳ್ಳಿಯ ರೋಗ ಜಿಲ್ಲೆಯ ರೋಗ ಆಗೋಕೆ ಒಂದು ಸಂತೆ ದಿನ ಸಾಕು. ಆ ಒಂದು ದಿನ ಮುಂಚೆ ವಿಷಯ ತಿಳಿದುಕೊಳ್ಳೋದೇ ನಮ್ಮ ಅಸಲಿ ಕೆಲಸ.

"ಮಗಳು ಸೆಕೆಂಡ್ ಪಿಯು ಸೈನ್ಸ್. ವೆಟರ್ನರಿ ಓದ್ತೀನಿ ಅಂತ ಹಠ. ಹೆಣ್ಣುಮಕ್ಕಳಿಗೆ ಆಗೋ ಕೆಲಸಾನಾ?"

ಆಗುತ್ತದೆ, ಓದಿಸಿ. ನಮ್ಮ ಬ್ಯಾಚಿನಲ್ಲಿ ಹುಡುಗಿಯರು ಬೆರಳೆಣಿಕೆ. ಈಗಿನ ತರಗತಿಗೆ ಪಾಠ ಮಾಡಲು ಹೋದರೆ ಮುಂದಿನ ಬೆಂಚುಗಳೆಲ್ಲ ಅವರದೇ. ಗೂಳಿ ಹಿಡಿಯೋಕೆ ಬಲಕ್ಕಿಂತ ಮೂಗುದಾರ ಹಿಡಿಯೋ ರೀತಿ ಗೊತ್ತಿರಬೇಕು.

ಕೋರ್ಸು ಐದೂವರೆ ವರ್ಷ. ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮುಂತಾದ ಕಡೆ ಕಾಲೇಜುಗಳಿವೆ. ಹೆಬ್ಬಾಳದ್ದು 1958ರದ್ದು, ಎಲ್ಲಕ್ಕೂ ಹಿರಿಯ. ಶೇ 15ರಷ್ಟು ಸೀಟು ಅಖಿಲ ಭಾರತ ಕೋಟಾದಲ್ಲಿ ನೀಟ್ ಅಂಕದ ಮೇಲೆ, ರಾಜ್ಯದ ಸೀಟು ಕೆಇಎ ಮೂಲಕ. ಆ ವರ್ಷದ ಪ್ರಕಟಣೆ ಓದಿಯೇ ಅರ್ಜಿ ಹಾಕಿ, ನಿಯಮ ಬದಲಾಗುತ್ತಿರುತ್ತದೆ.

ಒಂದು ಮಾತು. ನಾಯಿ ಬೆಕ್ಕು ಕಂಡರೆ ಇಷ್ಟ ಅನ್ನೋ ಒಂದೇ ಕಾರಣಕ್ಕೆ ಸೇರುವುದಾದರೆ ಮೊದಲು ಒಂದು ವಾರ ಯಾವುದಾದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಸುಮ್ನೆ ಕೂತು ನೋಡಲಿ. ಆಮೇಲೂ ಹಠ ಉಳಿದಿದ್ದರೆ ಚಿಂತೆ ಬೇಡ.

"ರಾಜ್ಯದ ನೌಕರಿಗೂ ಕೇಂದ್ರದ ನೌಕರಿಗೂ ಏನು ವ್ಯತ್ಯಾಸ? ಯಾವುದು ಒಳ್ಳೇದು?"

ಸಂವಿಧಾನದ ಪ್ರಕಾರ ಪಶು ಆರೋಗ್ಯ ರಾಜ್ಯದ ಕೆಲಸ. ಆಸ್ಪತ್ರೆ, ಲಸಿಕೆ ಸುತ್ತು, ರೋಗ ಬಂದಾಗ ಊರಿಗೆ ಓಡೋದು ಎಲ್ಲ ರಾಜ್ಯದ ಇಲಾಖೆಯದು. ಕೆಪಿಎಸ್‌ಸಿ ಮೂಲಕ ನೇಮಕ. ಕೇಂದ್ರದ ಕೈಯಲ್ಲಿ ಗಡಿ ಮತ್ತು ಬಂದರಿನ ಕ್ವಾರಂಟೈನ್, ದೊಡ್ಡ ಲಸಿಕೆ ಯೋಜನೆಗಳ ದುಡ್ಡು, ಹೊರದೇಶಗಳಿಗೆ ರೋಗದ ವರದಿ ಕೊಡುವ ಜವಾಬ್ದಾರಿ. ಅಲ್ಲಿಗೆ ಯುಪಿಎಸ್‌ಸಿ. ಸಂಶೋಧನೆ ಇಷ್ಟ ಇದ್ದವರಿಗೆ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಸಂಸ್ಥೆಗಳು.

ಯಾವುದು ಒಳ್ಳೇದು? ಹಳ್ಳಿಯಲ್ಲಿ ಐದು ವರ್ಷ ಕೆಲಸ ಮಾಡದೆ ದೆಹಲಿಯಲ್ಲಿ ಕೂತು ಸುತ್ತೋಲೆ ಬರೆಯುವವರನ್ನು ನೋಡಿದ್ದೇನೆ. "ಎಲ್ಲ ಜಾನುವಾರುಗಳನ್ನು ಒಂದೆಡೆ ಸೇರಿಸಿ ಲಸಿಕೆ ಹಾಕತಕ್ಕದ್ದು" ಅಂತ ಬರೆಯುತ್ತಾರೆ. ರೋಗ ಹರಡೋಕೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಮನೆಮನೆಗೆ ಹೋಗಬೇಕು, ಅಷ್ಟೆ.

"ಜೈವಿಕ ಸುರಕ್ಷತೆ ಅಂತ ಪೇಪರ್‌ನಲ್ಲಿ ಬರುತ್ತಲ್ಲ, ನಮ್ಮ ಭಾಷೇಲಿ ಹೇಳಿ."

ಹೊಸ ದನ ತಂದರೆ ಮೂರು ವಾರ ಬೇರೆ ಕಟ್ಟಿ. ಒಂದು ಕೊಟ್ಟಿಗೆಯ ಬಕೆಟ್ ಇನ್ನೊಂದಕ್ಕೆ ಒಯ್ಯಬೇಡಿ. ಕೋಳಿ ಫಾರಂ ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ ಇಟ್ಟು ಕಾಲು ಅದ್ದಿ ಒಳಗೆ ಹೋಗಿ. ಮೊಟ್ಟೆ ವ್ಯಾಪಾರಿಯ ಹಳೇ ಟ್ರೇ ಒಳಗೆ ಬಿಡಬೇಡಿ. ಜೈವಿಕ ಸುರಕ್ಷತೆ ಅಂದರೆ ಇಷ್ಟೇ. ಸೂತಕದ ಮನೆಯಿಂದ ಬಂದವರು ಕಾಲು ತೊಳೆದು ಒಳಗೆ ಬರುತ್ತಾರಲ್ಲ, ಆ ರೂಢಿಯನ್ನು ಕೊಟ್ಟಿಗೆಗೂ ಹಚ್ಚಿ. ಕಾಲುಬಾಯಿ ರೋಗದ ವೈರಸ್ಸಿಗೆ ದುಬಾರಿ ಔಷಧಿಯೂ ಬೇಡ. ಶೇ 4ರ ವಾಷಿಂಗ್ ಸೋಡಾ ನೀರು, ಅಂದರೆ ಹತ್ತು ಲೀಟರಿಗೆ 400 ಗ್ರಾಂ, ಸಾಕು.

ಇದರಲ್ಲಿ ಅತಿ ಹೆಚ್ಚು ತಪ್ಪು ಮಾಡುವವರು ನಾವೇ, ಡಾಕ್ಟರುಗಳು. ಒಂದೇ ಗಂಬೂಟು ಹಾಕಿಕೊಂಡು ದಿನಕ್ಕೆ ಹತ್ತು ಕೊಟ್ಟಿಗೆ ಸುತ್ತುತ್ತೇವೆ.

## ಕೊಟ್ಟಿಗೆಯ ಪ್ರಶ್ನೆಗಳು

"ಕಾಲುಬಾಯಿ ಲಸಿಕೆ ಹಾಕಿಸಿದ್ರೆ ಹಾಲು ಕಮ್ಮಿ ಆಗುತ್ತೆ, ಗಬ್ಬ ಹೋಗುತ್ತೆ ಅಂತಾರೆ. ಯಾಕೆ ಹಾಕಿಸ್ಬೇಕು?"

ಹಾಲು ಒಂದೆರಡು ದಿನ ಕಮ್ಮಿ ಆಗೋದು ನಿಜ. "ಏನೂ ಆಗಲ್ಲ ಹೋಗಮ್ಮ" ಅಂತ ಹೇಳಿ ಬಂದ ನಮ್ಮವರಿಂದಲೇ ಈ ಲಸಿಕೆಗೆ ಕೆಟ್ಟ ಹೆಸರು ಬಂತು. ಮೊದಲೇ ಹೇಳಿಬಿಟ್ಟರೆ ರೈತರು ಒಪ್ಪುತ್ತಾರೆ. ಗಬ್ಬದ ವಿಷಯದಲ್ಲಿ ಭಯ ಲಸಿಕೆಗಿಂತ ಹಿಡಿದು ಕೆಡವುವ ಎಳೆದಾಟದ್ದು. ಅದಕ್ಕೇ ತುಂಬು ಗಬ್ಬದ ಹಸುಗಳನ್ನು ಆ ಸುತ್ತಿನಲ್ಲಿ ಬಿಟ್ಟು, ಈದ ಮೇಲೆ ಹಾಕುತ್ತಿದ್ದೆವು.

ಲಸಿಕೆ ಇಲ್ಲದಿದ್ದರೆ ಏನಾಗುತ್ತದೆ ಅಂತ 2013ರಲ್ಲಿ ದಕ್ಷಿಣ ಕರ್ನಾಟಕದ ಹಳ್ಳಿಗಳನ್ನು ನೋಡಿದವರಿಗೆ ಹೇಳಬೇಕಿಲ್ಲ. ಬಾಯಲ್ಲಿ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಳ, ನಿಲ್ಲಲಾರದೆ ಮಂಡಿಯೂರಿ ಮೇಯುವ ಎಚ್ಚೆಫ್ ತಳಿಯ ಸೀಮೆಹಸು. ಬದುಕಿ ಉಳಿದದ್ದೂ ಮೊದಲಿನ ಹಾಗೆ ಆಗಲ್ಲ. ಬೇಸಿಗೆ ಬಂತೆಂದರೆ ನಾಯಿ ಥರ ಏದುಸಿರು ಬಿಡುತ್ತದೆ, ಮೈಕೂದಲು ಒರಟಾಗುತ್ತದೆ, ಬೆದೆಗೆ ಬರಲ್ಲ. ಎರಡು ದಿನದ ಅರ್ಧ ಲೀಟರು ಹಾಲು ಎಲ್ಲಿ, ಹಸುವೇ ಎಲ್ಲಿ.

ಆರು ತಿಂಗಳಿಗೊಮ್ಮೆ ಯಾಕೆ ಅಂದರೆ ಈ ಲಸಿಕೆಯ ಬಲ ಅಷ್ಟೇ ದಿನ. ನಮ್ಮ ದೇಶದಲ್ಲಿ ಓಡಾಡುವ ವೈರಸ್ ಮೂರು ಬಗೆ: ಓ, ಎ, ಏಷ್ಯಾ-1. ಮೂರಕ್ಕೂ ಸೇರಿಸಿ ಒಂದೇ ಬಾಟಲಿ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಮತ್ತು ಕಂದು ರೋಗಕ್ಕೆ (ಬ್ರುಸೆಲ್ಲೋಸಿಸ್) ಸೇರಿಸಿ 13,343 ಕೋಟಿ ರೂಪಾಯಿಯ ಐದು ವರ್ಷದ ಯೋಜನೆ ಶುರು ಮಾಡಿತು. ಅದಕ್ಕೇ ನಿಮ್ಮಿಂದ ದುಡ್ಡು ಕೇಳಲ್ಲ.

"ಕಿವಿಗೆ ಹಳದಿ ಓಲೆ ಚುಚ್ತಾರಲ್ಲ, ಅದು ಯಾಕೆ? ನಮ್ಮಮ್ಮ ಹಸು ಕಿವಿ ಹರಿಯುತ್ತೆ ಅಂತ ಬೈತಾರೆ."

ಅದರಲ್ಲಿರುವ 12 ಅಂಕಿ ಆ ಹಸುವಿನ ಆಧಾರ್ ಅಂದುಕೊಳ್ಳಿ. ಲಸಿಕೆ ಯಾವಾಗ ಹಾಕಿದೆವು, ಯಾವ ಊರಿನದು, ಎಲ್ಲ ಭಾರತ್ ಪಶುಧನ್ ಅನ್ನೋ ಆ್ಯಪಿನಲ್ಲಿ ಸೇರುತ್ತದೆ. ಹಾಸನದ ಸಂತೆಯಲ್ಲಿ ರೋಗದ ದನ ಸಿಕ್ಕರೆ ಅದು ಎಲ್ಲಿಂದ ಬಂತು ಅಂತ ಓಲೆ ಹೇಳುತ್ತದೆ. ಮೊದಲೆಲ್ಲ ದಲ್ಲಾಳಿಯ ಬಾಯಿ ನಂಬಬೇಕಿತ್ತು, ಅವನು ಯಾವತ್ತೂ ಪಕ್ಕದ ಜಿಲ್ಲೆ ಹೆಸರೇ ಹೇಳುತ್ತಿದ್ದ.

ಅಮ್ಮ ಬೈಯೋದರಲ್ಲೂ ನ್ಯಾಯ ಇದೆ. ಕಿವಿಯ ಎರಡು ನರದ ಮಧ್ಯೆ ಚುಚ್ಚಬೇಕು, ತುದಿಗೆ ಚುಚ್ಚಿದರೆ ಬೇಲಿಗೆ ಸಿಕ್ಕಿ ಹರಿಯುತ್ತದೆ. ಚುಚ್ಚಿದ ಜಾಗಕ್ಕೆ ನಾಲ್ಕು ದಿನ ಬೇವಿನೆಣ್ಣೆ ಹಚ್ಚಿ, ನೊಣ ಕೂರಲ್ಲ.

"ಹಸು ರಾತ್ರಿ ಚೆನ್ನಾಗಿತ್ತು, ಬೆಳಗ್ಗೆ ಸತ್ತು ಬಿದ್ದಿತ್ತು. ಡಾಕ್ಟರ್ ಬಂದು ಕೊಯ್ಯದೆ ಹೂಳಿ ಅಂದ್ಬಿಟ್ರು. ಸೋಮಾರಿತನ ಅಲ್ವಾ?"

ಅಲ್ಲ. ಅವರು ನಿಮ್ಮ ಊರನ್ನು ಉಳಿಸಿದ್ದಾರೆ.

ನನ್ನ ಎರಡನೇ ವರ್ಷದ ಮಾತು. ಬೆಳಗ್ಗೆ ಆರೂವರೆಗೆ ಒಬ್ಬ ಹುಡುಗ ಸೈಕಲ್ಲಿನಲ್ಲಿ ಬಂದ. ಹೋದರೆ ಬೇವಿನ ಮರದ ಕೆಳಗೆ ಎತ್ತು ಸತ್ತು ಬಿದ್ದಿದೆ. ಹೊಟ್ಟೆ ಆಗಲೇ ಉಬ್ಬಿತ್ತು. ಆದರೆ ಕಾಲು ಸೆಟೆದಿರಲಿಲ್ಲ. ಮೂಗಿನಲ್ಲಿ, ಬಾಲದ ಕೆಳಗೆ ಕಪ್ಪು ರಕ್ತ, ಹೆಪ್ಪುಗಟ್ಟದೆ ಹಾಗೇ ಸೋರುತ್ತಿತ್ತು. ಚರ್ಮ ಸುಲಿಯೋಕೆ ಬಂದಿದ್ದವರು ಚೂರಿ ಮಸೆಯುತ್ತಿದ್ದರು. "ಮುಟ್ಟಬೇಡ್ರಪ್ಪ" ಅಂತ ಕೂಗಿದ ಕೂಗಿಗೆ ನನ್ನ ಗಂಟಲೇ ಕಟ್ಟಿತು.

ಕಿವಿ ತುದಿಯಿಂದ ಒಂದೇ ಹನಿ ರಕ್ತ ಗಾಜಿನ ಪಟ್ಟಿ ಮೇಲೆ ಎಳೆದುಕೊಂಡೆ. ಚುಚ್ಚಿದ ಜಾಗಕ್ಕೆ ಔಷಧಿಯಲ್ಲಿ ಅದ್ದಿದ ಹತ್ತಿ ಒತ್ತಿದೆ. ಆಸ್ಪತ್ರೆಗೆ ಬಂದು ಮೆಥಿಲೀನ್ ಬ್ಲೂ ಹಾಕಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ನೀಲಿ ಬಣ್ಣದ ಕಡ್ಡಿಗಳು. ತುದಿ ಕತ್ತರಿಸಿದ ಹಾಗೆ ಚಪ್ಪಟೆ. ಸುತ್ತ ನಸುಗೆಂಪು ಅಂಚು. ನೆರಡಿ ರೋಗ, ಅಂದರೆ ಆಂಥ್ರಾಕ್ಸ್. ಪುಸ್ತಕದ ಚಿತ್ರ ಬಿಟ್ಟು ಅದನ್ನು ನೋಡಿದ್ದು ಅದೇ ಮೊದಲು.

ಈ ರೋಗದಲ್ಲಿ ದೇಹ ಕೊಯ್ದರೆ ರಕ್ತಕ್ಕೆ ಗಾಳಿ ತಾಗುತ್ತದೆ. ಆಗ ಬ್ಯಾಕ್ಟೀರಿಯಾ ಗಟ್ಟಿ ಚಿಪ್ಪಿನ ಬೀಜಾಣು ಆಗುತ್ತದೆ. ಆ ಬೀಜಾಣು ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತದೆ. ಮುಂದೊಂದು ವರ್ಷ ಮಳೆ ಬಂದು ಮಣ್ಣು ಕದಡಿದಾಗ ಅಲ್ಲೇ ಮೇಯುವ ಕುರಿಗೆ ತಗಲುತ್ತದೆ. ಚರ್ಮ ಸುಲಿದವನ ಕೈಗೆ ಮಧ್ಯೆ ಕಪ್ಪಗಿರುವ ಹುಣ್ಣು ಬರುತ್ತದೆ, ಮಾಂಸ ತಿಂದವರ ಜೀವಕ್ಕೇ ಅಪಾಯ. ಅದಕ್ಕೇ ಕೊಯ್ಯುವ ಹಾಗಿಲ್ಲ. ಆರಡಿಗಿಂತ ಆಳಕ್ಕೆ, ಕೆರೆ ಬಾವಿಯಿಂದ ದೂರ ಹೂಳಬೇಕು ಅಥವಾ ಪೂರ್ತಿ ಸುಡಬೇಕು. ಸುತ್ತಲಿನ ದನ ಕುರಿಗೆ ವರ್ಷಕ್ಕೊಮ್ಮೆ ಲಸಿಕೆ. ಈ ಲಸಿಕೆ ಹೆಬ್ಬಾಳದಲ್ಲೇ ತಯಾರಾಗುತ್ತದೆ.

ಅವತ್ತು ಗುಂಡಿ ತೋಡೋಕೆ ಮಧ್ಯಾಹ್ನ ಮೂರಾಯಿತು. ಎತ್ತಿನ ಯಜಮಾನ ಒಂದು ಮಾತೂ ಆಡಲಿಲ್ಲ. ಜೋಡಿಯ ಇನ್ನೊಂದು ಎತ್ತಿನ ಕೊರಳು ಹಿಡಿದು ನಿಂತಿದ್ದ.

"ಗಂಟು ರೋಗ ಬಂದ ಹಸುವಿನ ಹಾಲು ಕುಡೀಬಹುದಾ?"

ಚರ್ಮಗಂಟು ರೋಗ ಮನುಷ್ಯರಿಗೆ ಬರಲ್ಲ. ಹಾಲು ಕಾಯಿಸಿ ಕುಡಿಯಿರಿ. ಇಂಜೆಕ್ಷನ್ ಕೊಟ್ಟಿದ್ದರೆ ಡಾಕ್ಟರ್ ಹೇಳಿದಷ್ಟು ದಿನ ಬಿಡಿ. ಈ ರೋಗ ಹರಡೋದು ನೊಣ, ಸೊಳ್ಳೆ, ಉಣ್ಣಿಯಿಂದ. 2019ರಲ್ಲಿ ಒಡಿಶಾದಲ್ಲಿ ಮೊದಲು ಕಂಡು 2022ರ ಹೊತ್ತಿಗೆ ದೇಶ ಸುತ್ತಿತು. ಆಗ ನಮ್ಮಲ್ಲೂ ದನದ ಸಂತೆ, ಜಾತ್ರೆ ನಿಲ್ಲಿಸಿದ್ದು ಇದಕ್ಕೇ. ಕೈಯಲ್ಲಿದ್ದದ್ದು ಮೇಕೆ ಸಿಡುಬಿನ ಲಸಿಕೆ. ವೈರಸ್ಸುಗಳು ಅಣ್ಣತಮ್ಮಂದಿರಾದ್ದರಿಂದ ಅದೇ ಕೆಲಸಕ್ಕೆ ಬಂತು.

"ಹಕ್ಕಿಜ್ವರ ಬಂದಾಗ ಚೆನ್ನಾಗಿರೋ ಕೋಳೀನೂ ಕೊಲ್ತೀರಲ್ಲ, ಪಾಪ ಅನ್ಸಲ್ವಾ? ಪರಿಹಾರ ಸಿಗುತ್ತಾ?"

ಅನಿಸುತ್ತದೆ. ಎರಡು ರಾತ್ರಿ ನಿದ್ದೆ ಬರಲ್ಲ.

ದೇಶದಲ್ಲಿ ಇದು ಮೊದಲು ಬಂದದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ನಮ್ಮ ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳಲ್ಲಿ, 2016ರಲ್ಲಿ ಹುಮನಾಬಾದ್ ಕಡೆ, 2020ರ ಮಾರ್ಚಿನಲ್ಲಿ ಮೈಸೂರಿನಲ್ಲಿ ಕಂಡಿತು. ಸ್ಯಾಂಪಲ್ಲು ಭೋಪಾಲದ ಹೈ ಸೆಕ್ಯುರಿಟಿ ಲ್ಯಾಬಿಗೆ ಹೋಗುತ್ತದೆ. ಅಲ್ಲಿಂದ ಹೌದು ಅಂತ ಬಂದರೆ ಆ ಜಾಗದಿಂದ ಒಂದು ಕಿಲೋಮೀಟರು ಸುತ್ತಲಿನ ಎಲ್ಲ ಕೋಳಿ, ಬಾತು ತೆಗೆಯಬೇಕು. ಹತ್ತು ಕಿಲೋಮೀಟರುವರೆಗೆ ಕಣ್ಗಾವಲು.

ಚೆನ್ನಾಗಿ ಕಾಣುವ ಕೋಳಿಯೂ ಎರಡು ದಿನದಲ್ಲಿ ಸಾಯುತ್ತದೆ. ಸಾಯೋ ಮುಂಚೆ ಮೂರನೇ ಫಾರಮ್ಮಿಗೆ ದಾಟಿಸುತ್ತದೆ. ಅದಕ್ಕಿಂತ ದೊಡ್ಡ ಭಯ ಮನುಷ್ಯರದು. ಈ ವೈರಸ್ ಅಪರೂಪಕ್ಕೆ ಜನಕ್ಕೆ ತಗಲುತ್ತದೆ, ತಗುಲಿದರೆ ಜೀವಕ್ಕೇ ಬರಬಹುದು. ಕೋಳಿಯಲ್ಲಿ ಜಾಸ್ತಿ ದಿನ ಸುತ್ತಾಡಲು ಬಿಟ್ಟಷ್ಟೂ ಅದು ಬದಲಾಗುವ ಅವಕಾಶ ಜಾಸ್ತಿ.

ಕೆಲಸ ಹೇಗಿರುತ್ತದೆ ಅಂದರೆ, ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಕನ್ನಡಕ, ಎರಡು ಜೊತೆ ಕೈಗವಸು. ಸೊಂಟಕ್ಕೆ ಬೆವರು ಇಳಿದು ಬೂಟಿನಲ್ಲಿ ನಿಲ್ಲುತ್ತದೆ. ಕೆಲಸ ಮುಗಿದ ಮೇಲೂ ನಮಗೆ ಮಾತ್ರೆ ಕೊಟ್ಟು ದಿನವೂ ಜ್ವರ ನೋಡುತ್ತಾರೆ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನಾಟಿ ಹುಂಜವನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದರು. ಅದು ನಮ್ಮ ಮುಂದೆಯೇ ಕೂಗಿತು. ಅಜ್ಜಿಯೂ ಅತ್ತರು, ನಮ್ಮ ಜೊತೆ ಬಂದಿದ್ದ ಹುಡುಗನೂ ಅತ್ತ.

ಪರಿಹಾರ ಸಿಗುತ್ತದೆ. ಅರ್ಧ ಕೇಂದ್ರ, ಅರ್ಧ ರಾಜ್ಯ. ಆದರೆ ಗಮನಿಸಿ: ನಾವು ಕೊಂದ ಕೋಳಿಗೆ ಮತ್ತು ನಾಶ ಮಾಡಿದ ಮೊಟ್ಟೆ, ಮೇವಿಗೆ ಮಾತ್ರ. ಆಗಲೇ ಸತ್ತ ಕೋಳಿಗೆ ಇಲ್ಲ. ಹಾಗಾಗಿ ಬೇಗ ಹೇಳಿದವನಿಗೆ ಜಾಸ್ತಿ ದುಡ್ಡು. ಈ ಒಂದು ಮಾತನ್ನು ಫಾರಂ ಮಾಲೀಕರಿಗೆ ಮೊದಲೇ ತಿಳಿಸಿದ ತಾಲ್ಲೂಕುಗಳಿಂದ ಫೋನು ಬೇಗ ಬರುತ್ತದೆ.

ಚೆನ್ನಾಗಿ ಬೆಂದ ಕೋಳಿ, ಮೊಟ್ಟೆ ತಿನ್ನಬಹುದು. 70 ಡಿಗ್ರಿಗೆ ವೈರಸ್ ಸಾಯುತ್ತದೆ, ನಮ್ಮ ಸಾರು ಅದಕ್ಕಿಂತ ಎಷ್ಟೋ ಜಾಸ್ತಿ ಕುದಿಯುತ್ತದೆ. ಹಾಫ್ ಬಾಯಿಲ್ಡ್ ಬೇಡ.

## ಸ್ವಲ್ಪ ಒಳಗಿನ ಪ್ರಶ್ನೆಗಳು

"ನಿಮಗೇ ದನದ ರೋಗ ಬಂದಿದೆಯಾ?"

ಬಂದಿದೆ. ಕಂದು ರೋಗ. ಹಸು ತಿಂಗಳು ತುಂಬದೆ ಕಂದು ಹಾಕಿತ್ತು, ಕಸ (ಮಾಸು) ಬಿದ್ದಿರಲಿಲ್ಲ. ಆಗಿನ ಕಾಲದಲ್ಲಿ ಭುಜದವರೆಗಿನ ಕೈಗವಸು ಅಂದರೆ ಐಷಾರಾಮ. ಸೋಪು ಹಚ್ಚಿಕೊಂಡು ಬರಿಗೈಯಲ್ಲೇ ತೆಗೆದೆ. ಎಲ್ಲರೂ ಹಾಗೇ ಮಾಡುತ್ತಿದ್ದೆವು.

ಒಂದು ತಿಂಗಳಾದ ಮೇಲೆ ಸಂಜೆ ಸಂಜೆ ಜ್ವರ. ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಬೆಳಗ್ಗೆ ಏನೂ ಇಲ್ಲ. ಸೊಂಟ ಹಿಡಿದುಕೊಂಡು ಬೈಕು ಒದೆಯಲು ಆಗುತ್ತಿರಲಿಲ್ಲ. ಒಂದು ಆಸ್ಪತ್ರೆಯಲ್ಲಿ ಟೈಫಾಯಿಡ್ ಅಂದರು, ಇನ್ನೊಂದರಲ್ಲಿ ಟೀಬಿ ಇರಬಹುದು ಅಂದರು. ಎರಡು ತಿಂಗಳು ಹಾಗೇ ಹೋಯಿತು. ಕೊನೆಗೆ ಲ್ಯಾಬಿನಲ್ಲಿದ್ದ ಸ್ನೇಹಿತನೊಬ್ಬ "ಬಾ ಇಲ್ಲಿ" ಅಂತ ನನ್ನ ರಕ್ತ ತೆಗೆದು ಹಸುಗಳಿಗೆ ಬಳಸುವ ಗುಲಾಬಿ ಬಣ್ಣದ ದ್ರಾವಣದ ಪಕ್ಕ ಒಂದು ಹನಿ ಇಟ್ಟ. ಕಡ್ಡಿಯಿಂದ ಕಲಸಿ ಬಿಳಿ ಹಂಚನ್ನು ಅತ್ತಿತ್ತ ಅಲ್ಲಾಡಿಸಿದ. ನಾಲ್ಕು ನಿಮಿಷದೊಳಗೆ ಹಾಲು ಒಡೆದ ಹಾಗೆ ಗುಲಾಬಿ ಕಣ ಕಣ ಆಯಿತು. ಎಷ್ಟು ನೂರು ಹಸುಗಳಿಗೆ ಅದೇ ಹಂಚಿನ ಮೇಲೆ "ಪಾಸಿಟಿವ್" ಅಂತ ಬರೆದಿದ್ದೆನೋ. ಆರು ವಾರ ಎರಡು ಬಗೆಯ ಮಾತ್ರೆ ನುಂಗಿದೆ. ಸೊಂಟ ಇವತ್ತಿಗೂ ಚಳಿಗಾಲದಲ್ಲಿ ನೆನಪಿಸುತ್ತದೆ.

ಹೊಸಬರಿಗೆ ಹೇಳೋದು ಎರಡೇ. ಕಸ ತೆಗೆಯುವಾಗ ಉದ್ದ ಕೈಗವಸು ಬೇಕೇ ಬೇಕು. ಸೇರಿದ ಮೊದಲ ತಿಂಗಳಲ್ಲೇ ಹುಚ್ಚುನಾಯಿ ರೋಗದ ಮುಂಜಾಗ್ರತೆ ಲಸಿಕೆ ಹಾಕಿಸಿಕೊಳ್ಳಿ. ಜೊಲ್ಲು ಸುರಿಸುವ ಹಸುವಿನ ಬಾಯಿಗೆ "ಏನೋ ಸಿಕ್ಕಿರಬೇಕು" ಅಂತ ಕೈ ಹಾಕಿ ಆಮೇಲೆ ಅದು ರೇಬೀಸ್ ಅಂತ ಗೊತ್ತಾಗುವುದು ನಮ್ಮ ವೃತ್ತಿಯ ಹಳೇ ಕಥೆ.

"ಅಮೆರಿಕದಿಂದ ವಾಪಸ್ ಬರ್ತಾ ಇದ್ದೀವಿ. ನಾಯಿ ತರೋಕೆ ಇಷ್ಟೊಂದು ಕಾಗದ ಯಾಕೆ? ಅದು ನಮ್ಮ ಮಗು ಇದ್ದ ಹಾಗೆ."

ಮಗುವಿಗೂ ಪಾಸ್‌ಪೋರ್ಟ್ ಮಾಡಿಸಿದ್ದೀರಲ್ಲ! ಮೈಕ್ರೋಚಿಪ್, ರೇಬೀಸ್ ಲಸಿಕೆಯ ದಾಖಲೆ, ಹೊರಡುವ ದೇಶದ ಸರ್ಕಾರಿ ಪಶುವೈದ್ಯರ ಆರೋಗ್ಯ ಪತ್ರ, ನಮ್ಮ ಕ್ವಾರಂಟೈನ್ ಕಚೇರಿಯ ಎನ್‌ಒಸಿ ಬೇಕು. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಹೈದರಾಬಾದ್, ಬೆಂಗಳೂರಿನಂಥ, ಕ್ವಾರಂಟೈನ್ ವ್ಯವಸ್ಥೆ ಇರುವ ಊರುಗಳ ಮೂಲಕವೇ ತರಬೇಕು. ಟಿಕೆಟ್ ಬುಕ್ ಮಾಡುವ ಮೊದಲೇ ಎನ್‌ಒಸಿ ಅರ್ಜಿ ಶುರು ಮಾಡಿ. ನಡುರಾತ್ರಿ ಎರಡು ಗಂಟೆಗೆ ಬಂದಿಳಿದ ನಾಯಿಯ ಕಾಗದದಲ್ಲಿ ಒಂದು ಸಹಿ ಇಲ್ಲದೆ ಮನೆಮಂದಿಯೆಲ್ಲ ಬೆಳಗಾಗುವವರೆಗೆ ಕೂತದ್ದನ್ನು ನೋಡಿದ್ದೇನೆ.

ನಾಯಿ ಈ ಕೆಲಸದ ಸಣ್ಣ ಭಾಗ. ಒಂದು ದಿನದ ಮರಿಕೋಳಿ, ಹೋರಿಯ ವೀರ್ಯ, ರೇಸ್ ಕುದುರೆ, ಸಾಕುಪ್ರಾಣಿಗಳ ತಿಂಡಿ, ಹದ ಮಾಡದ ಚರ್ಮ, ಎಲ್ಲ ಅಲ್ಲೇ ನಿಲ್ಲಬೇಕು. ಇದಕ್ಕಿರುವ ಕಾನೂನು 1898ರದ್ದು. ಸೆಗಣಿ, ಲಾಯದ ಹುಲ್ಲು, ಕುದುರೆಯ ಜೀನು ಸಾಮಾನಿನ ಹೆಸರೂ ಅದರಲ್ಲಿದೆ. ಹಳೇ ಕಾಲದವರು ದಡ್ಡರಾಗಿರಲಿಲ್ಲ. ಪ್ರಾಣಿ ಬಾರದಿದ್ದರೂ ಅದು ಮಲಗಿದ್ದ ಹುಲ್ಲಿನ ಮೇಲೆ ರೋಗ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು.

"ದೊಡ್ಡ ರೋಗ ಪ್ರಪಂಚದಲ್ಲೇ ಇಲ್ಲ ಅಂತಾರೆ. ನಿಜಾನಾ? ಅದನ್ನ ಓಡಿಸಿದ ಹಾಗೆ ಕಾಲುಬಾಯಿನೂ ಯಾಕೆ ಓಡಿಸೋಕಾಗಲ್ಲ?"

ನಿಜ. ರಿಂಡರ್‌ಪೆಸ್ಟ್ ಎಂಬ ದೊಡ್ಡ ರೋಗ ಹೋದದ್ದು 2011ರಲ್ಲಿ ಅಧಿಕೃತ ಆಯಿತು. ಸಿಡುಬು ಬಿಟ್ಟರೆ ಮನುಷ್ಯರು ಭೂಮಿಯಿಂದಲೇ ಒರೆಸಿಹಾಕಿದ ರೋಗ ಇದೊಂದೇ. ನನ್ನ ವೃತ್ತಿಯ ಹೆಮ್ಮೆ ಅಂದರೆ ಇದೇ. ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ, ಕ್ಷಮಿಸಿ.

ನಮ್ಮಜ್ಜಿ ಕಾಲಕ್ಕೆ ಈ ರೋಗ ಬಂತೆಂದರೆ ಊರಿಗೆ ಊರೇ ಕೊಟ್ಟಿಗೆ ಖಾಲಿ. ಮಾರಮ್ಮನಿಗೆ ಹರಕೆ ಹೊತ್ತು ಊರ ಗಡಿಗೆ ತೋರಣ ಕಟ್ಟುತ್ತಿದ್ದರು. ಹೊರಗಿನ ದನ ಒಳಗೆ ಬರುವ ಹಾಗಿಲ್ಲ, ಒಳಗಿನದು ಹೊರಗೆ ಹೋಗುವ ಹಾಗಿಲ್ಲ. ನಾನು ಇವತ್ತು ಅದಕ್ಕೆ ಕ್ವಾರಂಟೈನ್ ಅಂತೀನಿ. ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಶುರುವಾದದ್ದು ಈ ರೋಗಕ್ಕೆ ಔಷಧಿ ಮಾಡೋಕೆ. ಈಗ ಲಸಿಕೆ ಮಾಡುವ ಸಂಸ್ಥೆ ಅದೇ.

ಇನ್ನೊಂದು ಸ್ವಾರಸ್ಯ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ದನಗಳು ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿದವು. ಅವುಗಳಿಂದ ಅಲ್ಲಿ ದೊಡ್ಡ ರೋಗ ಹಬ್ಬಿತು. ಯುರೋಪು ಗಾಬರಿಯಾಯಿತು. 1924ರಲ್ಲಿ ದೇಶಗಳೆಲ್ಲ ಪ್ಯಾರಿಸ್‌ನಲ್ಲಿ ಸೇರಿ ಪ್ರಾಣಿ ರೋಗಗಳ ವಿಶ್ವ ಸಂಸ್ಥೆ ಕಟ್ಟಿದವು. ಅಂದರೆ ಇಡೀ ಪ್ರಪಂಚದ ಪಶು ಆರೋಗ್ಯ ವ್ಯವಸ್ಥೆಯ ಹಿಂದೆ ನಮ್ಮ ದನಗಳ ಒಂದು ಪ್ರಯಾಣ ಇದೆ.

ದೇಶದಲ್ಲಿ ನಿರ್ಮೂಲನೆ ಕೆಲಸ 1954ರಲ್ಲಿ ಶುರುವಾಯಿತು. ಕೊನೆಯ ಪ್ರಕರಣ 1995ರದ್ದು. ಆಮೇಲಿನದು ನಿಜವಾದ ಕಷ್ಟ: ಲಸಿಕೆ ನಿಲ್ಲಿಸಬೇಕು. ಲಸಿಕೆ ಹಾಕುತ್ತಾ ಇದ್ದರೆ ರಕ್ತದಲ್ಲಿರುವ ನಿರೋಧಕ ಶಕ್ತಿ ಲಸಿಕೆಯದೋ ರೋಗದ್ದೋ ತಿಳಿಯಲ್ಲ. ನಿಲ್ಲಿಸಿದ ಮೇಲೆ ರೋಗ ಮತ್ತೆ ಬಂದರೆ? ಆ ವರ್ಷಗಳಲ್ಲಿ ನಾವು ಹಳ್ಳಿ ಹಳ್ಳಿ ಹುಡುಕುತ್ತಿದ್ದೆವು. ಜ್ವರ, ಬಾಯಿ ಹುಣ್ಣು, ಭೇದಿ ಮೂರೂ ಇರುವ ದನ ಕಂಡಿರಾ ಅಂತ ಕೇಳುತ್ತಾ ಅಲೆದೆವು. ಕುರುಬರ ಹಟ್ಟಿಯ ಒಬ್ಬ ಮುದುಕರು ನನ್ನ ಮಾತು ಕೇಳಿ ನಕ್ಕರು. "ಅದು ಬಂದಿದ್ರೆ ನೀವು ಕೇಳೋ ಹಾಗಿರಲಿಲ್ಲ ಸ್ವಾಮಿ, ವಾಸನೇಲೇ ಗೊತ್ತಾಗ್ತಿತ್ತು." ಖಾಲಿ ಫಾರಂ ತುಂಬಿ ಕಳಿಸುತ್ತಿದ್ದೆವು. ಸೊನ್ನೆ, ಸೊನ್ನೆ, ಸೊನ್ನೆ. ಆ ಸೊನ್ನೆಗಳನ್ನೆಲ್ಲ ಸೇರಿಸಿ 2006ರಲ್ಲಿ ಭಾರತ ರೋಗಮುಕ್ತ ಅಂತ ಮನ್ನಣೆ ಸಿಕ್ಕಿತು.

ಕಾಲುಬಾಯಿ ಯಾಕೆ ಹಾಗೆ ಹೋಗಲ್ಲ? ದೊಡ್ಡ ರೋಗದ ವೈರಸ್ಸಿಗೆ ಒಂದೇ ಬಗೆ, ಒಂದು ಲಸಿಕೆ ಹಾಕಿದರೆ ಜೀವಮಾನ ಸಾಕು, ವಾಸಿಯಾದ ದನ ರೋಗ ಹೊತ್ತು ತಿರುಗಲ್ಲ. ಕಾಲುಬಾಯಿಗೆ ಪ್ರಪಂಚದಲ್ಲಿ ಏಳು ಬಗೆ, ಲಸಿಕೆ ಆರೇ ತಿಂಗಳು, ವಾಸಿಯಾದ ಹಸುವಿನ ಗಂಟಲಲ್ಲಿ ವೈರಸ್ ತಿಂಗಳುಗಟ್ಟಲೆ ಕೂತಿರುತ್ತದೆ. ಕುರಿ ಮೇಕೆಯ ಹಿರೇಬೇನೆ ಮಾತ್ರ ದೊಡ್ಡ ರೋಗದ ತಂಗಿ. ಅದನ್ನು 2030ಕ್ಕೆ ಮುಗಿಸಬೇಕು ಅಂತ ಪ್ರಪಂಚ ಗುರಿ ಇಟ್ಟಿದೆ. ವಲಸೆ ಹೋಗುವ ಕುರಿ ಹಿಂಡುಗಳನ್ನು ಹಿಡಿಯೋದು ಹೇಗೆ ಅನ್ನೋದೇ ಅಲ್ಲಿ ದೊಡ್ಡ ತಲೆನೋವು.

"ರೋಗ ಬಂದಾಗ ಸರ್ಕಾರ ಮುಚ್ಚಿಡುತ್ತೆ ಅಂತಾರೆ. ನೀವು ಒಳಗಿದ್ದವರು, ಸತ್ಯ ಹೇಳಿ."

ನಿಯಮ ಮುಚ್ಚಿಡು ಅನ್ನಲ್ಲ. 2009ರ ಕಾಯ್ದೆ ಪ್ರಕಾರ ಪಟ್ಟಿಯಲ್ಲಿರುವ ರೋಗದ ಅನುಮಾನ ಬಂದರೆ ಮಾಲೀಕರು ಹೇಳಬೇಕು, ನಾವು ಮೇಲಕ್ಕೆ ತಿಳಿಸಬೇಕು. ಗಂಭೀರ ರೋಗಗಳು ಖಚಿತವಾದ 24 ಗಂಟೆಯೊಳಗೆ ದೇಶ ಪ್ಯಾರಿಸ್‌ನ ಸಂಸ್ಥೆಗೆ ತಿಳಿಸಬೇಕು.

ಆದರೆ "ಖಚಿತ" ಆಗೋಕೆ ಮುಂಚೆ ಒಂದು ಬೂದು ಜಾಗ ಇದೆ. ಒಮ್ಮೆ ನಾನು ವರದಿಯಲ್ಲಿ ಕಾಲುಬಾಯಿ ಶಂಕೆ ಅಂತ ಬರೆದೆ. ಮೇಲಿನವರೊಬ್ಬರು ಫೋನು ಮಾಡಿ "ಶಂಕೆ ಅಂತ ಯಾಕೆ ರೀ, ಬಾಯಿ ಹುಣ್ಣು ಅಂತ ಬರೀರಿ, ಜಾತ್ರೆ ಮುಗೀಲಿ" ಅಂದರು. ನಾನು ತಿದ್ದಲಿಲ್ಲ. ಆದರೆ ಜಗಳವೂ ಆಡಲಿಲ್ಲ, ಫೈಲು ಒಂಬತ್ತು ದಿನ ಮೇಜಿನ ಮೇಲೆ ಕೂತಿತು. ಜಾತ್ರೆ ನಡೆಯಿತು. ಆಮೇಲೆ ಏನಾಯಿತು ಅಂತ ಊಹಿಸಿಕೊಳ್ಳಿ. ಜಗಳ ಆಡಬೇಕಿತ್ತು.

ಈಗ ಸ್ವಲ್ಪ ವಾಸಿ. ಯಲಹಂಕದ ನಿವೇದಿ ಸಂಸ್ಥೆ ಎರಡು ತಿಂಗಳು ಮುಂಚೆಯೇ ಯಾವ ಜಿಲ್ಲೆಯಲ್ಲಿ ಯಾವ ರೋಗದ ಸಂಭವ ಜಾಸ್ತಿ ಅಂತ ಮುನ್ಸೂಚನೆ ಕೊಡುತ್ತದೆ. ಮೊದಲೇ ಊರಿಗೆಲ್ಲ ಗೊತ್ತಿರುವ ವಿಷಯವನ್ನು ಮೇಜಿನ ಮೇಲೆ ಕೂರಿಸೋದು ಕಷ್ಟ. ನಮ್ಮ ಕಾಲದಲ್ಲಿ ಸ್ಯಾಂಪಲ್ಲನ್ನು ಐಸ್ ತುಂಬಿದ ಥರ್ಮಾಸಿನಲ್ಲಿಟ್ಟು ಕೆಂಪು ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೆವು. ಅವನು ಮೆಜೆಸ್ಟಿಕ್‌ನಲ್ಲಿ ಇಳಿಸೋದು ಮರೆತರೆ ರೋಗವೂ ಮರೆತ ಹಾಗೆ.

"ಮುಂದೆ ಯಾವ ರೋಗದ ಬಗ್ಗೆ ನಿಮಗೆ ಭಯ?"

ಒಂದೇ ಹೆಸರು ಹೇಳು ಅಂದರೆ ಆಫ್ರಿಕನ್ ಹಂದಿ ಜ್ವರ. 2020ರಲ್ಲಿ ಅಸ್ಸಾಂ, ಅರುಣಾಚಲದ ಕಡೆಯಿಂದ ದೇಶಕ್ಕೆ ಕಾಲಿಟ್ಟಿತು. ಮನುಷ್ಯರಿಗೆ ಬರಲ್ಲ, ಅದಕ್ಕೇ ಪೇಪರಿನಲ್ಲೂ ಬರಲ್ಲ. ಹಂದಿಗೆ ಬಂದರೆ ಔಷಧಿ ಇಲ್ಲ. ಬೇಯಿಸದ ಮಾಂಸದಲ್ಲಿ, ಫ್ರಿಜ್ಜಿನಲ್ಲಿಟ್ಟ ಮಾಂಸದಲ್ಲೂ ವೈರಸ್ ತಿಂಗಳುಗಟ್ಟಲೆ ಇರುತ್ತದೆ. ಹರಡೋ ದಾರಿ ತುಂಬ ಸಾದಾ: ಹೋಟೆಲಿನ ಮುಸುರೆ.

ಬೆಂಗಳೂರಿನ ಹೊರವಲಯದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಟೆಂಪೋಗಳು ನೀಲಿ ಡ್ರಮ್ಮು ತುಂಬಿಕೊಂಡು ಹೋಗುವುದನ್ನು ನೋಡಿರುತ್ತೀರಿ. ನಿವೃತ್ತಿಗೆ ಮುಂಚಿನ ವರ್ಷ ಅಂಥ ಒಂದು ಹಂದಿ ಫಾರಮ್ಮಿಗೆ ಹೋಗಿದ್ದೆ. ಮುಸುರೆಯನ್ನು ಅರ್ಧ ಗಂಟೆ ಕುದಿಸಿ ಹಾಕಪ್ಪ ಅಂದೆ. ಅವನು ಸೌದೆ ರೇಟು ಹೇಳಿದ, ನಾನು ಹಂದಿ ರೇಟು ಹೇಳಿದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಸರಿ ಬಿಡಿ ಸಾರ್, ಹಳೇ ಟೈರ್ ಉರಿಸ್ತೀನಿ" ಅಂದ. ಅದಕ್ಕೆ ಬೇರೆ ಇಲಾಖೆ ಬರುತ್ತೆ ಅಂತ ಹೇಳಿ, ಹತ್ತಿರದ ಸಾಮಿಲ್ಲಿನಿಂದ ಹೊಟ್ಟು ಕೊಡಿಸಿ ಬಂದೆ. ಮುಂದಿನ ತಿಂಗಳು ಹೋದಾಗ ಒಲೆ ಉರಿಯುತ್ತಿತ್ತು.